ಕರ್ನಾಟಕದಲ್ಲಿ ಕ್ರೈಸ್ತ ಸಭೆಗಳ ಐಕ್ಯ

ಕರ್ನಾಟಕದಲ್ಲಿ ಕ್ರೈಸ್ತ ಸಭೆಗಳ ಐಕ್ಯ ಎಂಬುದು ವಿವಿಧ ವಿದೇಶಿ ಮಿಷನ್‌ಗಳಿಂದ ಹುಟ್ಟಿದ ಪ್ರಾಟೆಸ್ಟೆಂಟ್ ಸಭೆಗಳು ಒಂದುಗೂಡಿದ ಹಾಗೂ ಇತರ ಸಭೆಗಳೊಡನೆ ಸಹಕಾರ ಬೆಳೆಸಿಕೊಂಡ ಚಳವಳಿಯನ್ನು ಸೂಚಿಸುತ್ತದೆ. ಈ ಚಳವಳಿಯ ಪ್ರಮುಖ ಫಲ 1947ರ ಸೆಪ್ಟೆಂಬರ್ 27ರಂದು ಸ್ಥಾಪನೆಯಾದ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.). ಬಿಷಪ್ ಪದ್ಧತಿಯ ಆಂಗ್ಲಿಕನ್ ಸಭೆ ಮತ್ತು ಆ ಪದ್ಧತಿಯಿಲ್ಲದ ಸಭೆಗಳು ಸೇರಿ ಒಂದೇ ಸಭೆಯಾದುದರಿಂದ ಇದು ಜಗತ್ತಿನ ಗಮನ ಸೆಳೆಯಿತು.

ಹಿನ್ನೆಲೆ

19ನೇ ಶತಮಾನದಲ್ಲಿ ಕನ್ನಡ ನಾಡಿನಲ್ಲಿ ಹಲವು ಮಿಷನ್‌ಗಳು ಕೆಲಸ ಆರಂಭಿಸಿದವು. ಲಂಡನ್ ಮಿಷನ್ 1810ರಲ್ಲಿ ಬಳ್ಳಾರಿಗೆ ಬಂದು, ಬಳಿಕ ಬೆಂಗಳೂರಿನಲ್ಲಿಯೂ ನೆಲೆಯೂರಿತು. ವೆಸ್ಲಿಯನ್ ಮಿಷನ್ ಮೈಸೂರು ಸಂಸ್ಥಾನದಲ್ಲಿ ಹರಡಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ಧಾರವಾಡ, ಹುಬ್ಬಳ್ಳಿಗಳವರೆಗೆ ವಿಸ್ತರಿಸಿತು. ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡು ಪರಂಪರೆಯವರೂ ಅದರಲ್ಲಿದ್ದರು.

ಒಂದು ಮಿಷನ್ ಕೆಲಸ ಮಾಡುವ ಸೀಮೆಗೆ ಇನ್ನೊಂದು ಪ್ರವೇಶಿಸಬಾರದೆಂಬ ಒಪ್ಪಂದ ಬಹುತೇಕ ಮಿಷನ್‌ಗಳ ನಡುವೆ ಇತ್ತು. ಇದರಿಂದ ಪೈಪೋಟಿ ತಗ್ಗಿತು. ಆದರೆ ಒಬ್ಬ ಕ್ರೈಸ್ತನು ಯಾವ ಪಂಗಡದವನೆಂಬುದನ್ನು ಅವನ ನಂಬಿಕೆಗಿಂತ ಹೆಚ್ಚಾಗಿ ಅವನ ಊರೇ ನಿರ್ಧರಿಸುವಂತಾಯಿತು. ಉದ್ಯೋಗಕ್ಕಾಗಿ ಬೇರೆ ಊರಿಗೆ ಹೋದ ಕುಟುಂಬ ಅಲ್ಲಿ ಬೇರೆ ಪಂಗಡದ ಸಭೆಯನ್ನು ಸೇರಬೇಕಾಗುತ್ತಿತ್ತು.

ಪಾದ್ರಿಗಳ ಶಿಕ್ಷಣದಲ್ಲಿ ಸಹಕಾರ ಬೇಗನೆ ಮೂಡಿತು. 1910ರಲ್ಲಿ ಹಲವು ಮಿಷನ್‌ಗಳು ಸೇರಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಆರಂಭಿಸಿದವು.

ಐಕ್ಯದ ಮಾತುಕತೆ

1908ರಲ್ಲಿ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಐಕ್ಯ ಸಭೆಯಾದವು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಸೇರಿದ ಪಾದ್ರಿಗಳು, ಅವರಲ್ಲಿ ಬಹುಪಾಲು ಭಾರತೀಯರು, ವಿಶಾಲವಾದ ಐಕ್ಯಕ್ಕೆ ಕರೆ ನೀಡಿದರು. ಈ ಪ್ರಯತ್ನದ ಮುಂಚೂಣಿಯಲ್ಲಿದ್ದವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ. ಎಸ್. ಅಜರಯ್ಯ. ಪಂಗಡಗಳ ಒಡಕು ಹೊರನಾಡಿನಿಂದ ಬಂದುದೆಂದೂ ಅದನ್ನು ಭಾರತೀಯ ಕ್ರೈಸ್ತರು ಹೊತ್ತು ನಡೆಯಬೇಕಾದ ಕಾರಣವಿಲ್ಲವೆಂದೂ ಈ ಸಮಾವೇಶ ವಾದಿಸಿತು.

ಮಾತುಕತೆ 28 ವರ್ಷ ನಡೆಯಿತು. ಪಾದ್ರಿಗಳ ದೀಕ್ಷೆಯೇ ಮುಖ್ಯ ತೊಡಕಾಗಿತ್ತು. ಅಪೊಸ್ತಲರ ಕಾಲದಿಂದ ಪರಂಪರೆಯಾಗಿ ಬಂದ ಬಿಷಪ್ಪನ ಕೈಯಿಂದಲೇ ದೀಕ್ಷೆಯಾಗಬೇಕೆಂಬುದು ಆಂಗ್ಲಿಕನ್ನರ ನಿಲುವು. ಮತ್ತೊಮ್ಮೆ ದೀಕ್ಷೆ ಪಡೆಯುವುದೆಂದರೆ ತಮ್ಮ ಹಿಂದಿನ ಸೇವೆ ಅಸಿಂಧುವೆಂದು ಒಪ್ಪಿಕೊಂಡಂತೆ ಎಂಬುದು ಉಳಿದವರ ಆತಂಕ. ಕೊನೆಗೆ ಮಧ್ಯಮಾರ್ಗವೊಂದು ದೊರೆಯಿತು. ಈಗಾಗಲೇ ಇರುವ ಪಾದ್ರಿಗಳನ್ನು ಮರುದೀಕ್ಷೆಯಿಲ್ಲದೆ ಅಂಗೀಕರಿಸುವುದು, ಮುಂದಿನ ಎಲ್ಲ ದೀಕ್ಷೆಗಳನ್ನು ಬಿಷಪ್ಪರೇ ನೀಡುವುದು, ಬೆಳವಣಿಗೆಗೆ 30 ವರ್ಷಗಳ ಅವಧಿ ಕೊಡುವುದು ಎಂದು ನಿರ್ಧಾರವಾಯಿತು.

ದಕ್ಷಿಣ ಭಾರತ ಸಭೆ

ಆಂಗ್ಲಿಕನ್ ಸಭೆಯ ದಕ್ಷಿಣದ ನಾಲ್ಕು ಸಭಾಪ್ರಾಂತಗಳು, ಮೆಥೋಡಿಸ್ಟ್ ಸಭೆಯ ದಕ್ಷಿಣ ಭಾರತ ಪ್ರಾಂತ ಹಾಗೂ ದಕ್ಷಿಣ ಭಾರತ ಐಕ್ಯ ಸಭೆ ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಒಂದಾದವು. ಬಾಸೆಲ್ ಮಿಷನ್ ಸಭೆಗಳೆಲ್ಲ ಒಂದೇ ದಿನ ಸೇರಲಿಲ್ಲ. ಪ್ರದೇಶಕ್ಕೆ ತಕ್ಕಂತೆ ಹಂತಹಂತವಾಗಿ ಸೇರಿದವು.

ಐಕ್ಯದ ಪರಿಣಾಮ ಬೆಂಗಳೂರಿನಲ್ಲಿ ಎದ್ದು ಕಾಣುತ್ತದೆ. ಆಂಗ್ಲಿಕನ್ ಮೂಲದ ಸೇಂಟ್ ಮಾರ್ಕ್ಸ್, ವೆಸ್ಲಿಯನ್ ಮೂಲದ ಹಡ್ಸನ್ ಸ್ಮಾರಕ ಮತ್ತು ಲಂಡನ್ ಮಿಷನ್ ಮೂಲದ ರೈಸ್ ಸ್ಮಾರಕ ದೇವಾಲಯಗಳು ಇಂದು ಒಂದೇ ಸಭಾಪ್ರಾಂತಕ್ಕೆ ಸೇರಿವೆ. 1970ರಲ್ಲಿ ಕರ್ನಾಟಕದ ಸಿ.ಎಸ್.ಐ. ಸಭೆಗಳನ್ನು ಬೆಂಗಳೂರು ಕೇಂದ್ರವಾದ ಮಧ್ಯ, ಮಂಗಳೂರು ಕೇಂದ್ರವಾದ ದಕ್ಷಿಣ ಮತ್ತು ಧಾರವಾಡ ಕೇಂದ್ರವಾದ ಉತ್ತರ ಸಭಾಪ್ರಾಂತಗಳಾಗಿ ವಿಂಗಡಿಸಲಾಯಿತು. ಅದಕ್ಕೂ ಮೊದಲು, 1965ರಲ್ಲಿ, ಮಂಗಳೂರು ಮತ್ತು ತುಮಕೂರಿನ ಧರ್ಮಶಿಕ್ಷಣ ಶಾಲೆಗಳು ಒಂದಾಗಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ರೂಪುಗೊಂಡಿತ್ತು.

ಹೊರಗುಳಿದ ಸಭೆಗಳು

ಬೆಳಗಾವಿ, ಬೀದರ್ ಮೊದಲಾದೆಡೆ ಬೇರೂರಿದ್ದ, ಅಮೆರಿಕ ಮೂಲದ ಮೆಥೋಡಿಸ್ಟ್ ಸಭೆ ಈ ಐಕ್ಯಕ್ಕೆ ಸೇರಲಿಲ್ಲ. 1970ರಲ್ಲಿ ಉತ್ತರ ಭಾರತ ಸಭೆ (ಸಿ.ಎನ್.ಐ.) ರಚನೆಯಾದಾಗಲೂ ಅದು ಪ್ರತ್ಯೇಕವಾಗಿಯೇ ಉಳಿಯಿತು. ಪೆಂಟೆಕೋಸ್ಟಲ್ ಹಾಗೂ ಸ್ವತಂತ್ರ ಸಭೆಗಳಲ್ಲಿ ಬಹುಪಾಲು ಇಂತಹ ವಿಲೀನದಿಂದ ದೂರವಿವೆ.

ಕ್ಯಾಥೊಲಿಕ್ ಸಭೆಯೊಡನೆ ಸಂಬಂಧ

1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಐಕ್ಯವನ್ನು ಕುರಿತ ತನ್ನ ಆಜ್ಞಾಪತ್ರವನ್ನು ಹೊರಡಿಸಿದ ಬಳಿಕ ಸಂವಾದಕ್ಕೆ ದಾರಿ ತೆರೆಯಿತು. ಜನವರಿ 18ರಿಂದ 25ರವರೆಗಿನ ಐಕ್ಯ ಪ್ರಾರ್ಥನಾ ಸಪ್ತಾಹ ಉಭಯ ಸಭೆಗಳೂ ಆಚರಿಸುವ ಸಂದರ್ಭ. ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಿರುವ ಉತ್ತರ ಕನ್ನಡ ಜಿಲ್ಲೆ 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದೆ. ಈ ಭಾಗದ ಸಿದ್ದಿ ಸಮುದಾಯದಲ್ಲಿಯೂ ಕ್ಯಾಥೊಲಿಕ್ ಕ್ರೈಸ್ತರಿದ್ದಾರೆ.

ಕನ್ನಡದಲ್ಲಿ ಉಭಯ ಸಭೆಗಳ ಪದಸಂಪತ್ತು ಬೇರೆಯಾಗಿ ಬೆಳೆದಿದೆ. ಪ್ರಾಟೆಸ್ಟೆಂಟರ ‘ಸಭೆ’, ‘ಯೆಹೋವ’, ‘ಕರ್ತನ ಭೋಜನ’ ಎಂಬ ಪದಗಳಿಗೆ ಪ್ರತಿಯಾಗಿ ಕ್ಯಾಥೊಲಿಕರಲ್ಲಿ ‘ಧರ್ಮಸಭೆ’, ‘ಸರ್ವೇಶ್ವರ’, ‘ಬಲಿಪೂಜೆ’ ಎಂಬ ಪದಗಳು ಬಳಕೆಯಲ್ಲಿವೆ. ಕೊನೆಯ ಜೋಡಿಯ ಹಿಂದೆ ಭಾಷೆಯ ಭೇದವಷ್ಟೇ ಅಲ್ಲ, ಆ ಸಂಸ್ಕಾರದ ಅರ್ಥವನ್ನು ಕುರಿತ ಸಿದ್ಧಾಂತಭೇದವೂ ಇದೆ.

ಭವಿಷ್ಯ

ಸಿ.ಎಸ್.ಐ., ಸಿ.ಎನ್.ಐ. ಮತ್ತು ಮಾರ್ ತೋಮಾ ಸಭೆಗಳು 1978ರಲ್ಲಿ ಜಂಟಿ ಮಂಡಳಿಯನ್ನು ರಚಿಸಿದವು. ಇವು ಪರಸ್ಪರರ ಪಾದ್ರಿಗಳನ್ನೂ ಸಂಸ್ಕಾರಗಳನ್ನೂ ಮಾನ್ಯ ಮಾಡುತ್ತವೆಯಾದರೂ ಆಡಳಿತದಲ್ಲಿ ಸ್ವತಂತ್ರವಾಗಿವೆ. ಐಕ್ಯವೆಂದರೆ 1947ರಂತೆ ಸಂಸ್ಥೆಗಳ ವಿಲೀನವೋ, ಪ್ರತ್ಯೇಕವಾಗಿದ್ದುಕೊಂಡೇ ಪರಸ್ಪರ ಮಾನ್ಯತೆಯೋ ಎಂಬುದು ಈಗಿನ ಮುಖ್ಯ ಪ್ರಶ್ನೆ. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಭೆಗಳ ನಡುವೆ ಪ್ರಾರ್ಥನೆ ಹಾಗೂ ಸೇವೆಯಲ್ಲಿ ಸಹಕಾರವಿದ್ದರೂ ಪ್ರಭುಭೋಜನದಲ್ಲಿ ಒಟ್ಟಾಗಿ ಭಾಗವಹಿಸುವುದು ಇನ್ನೂ ಸಾಧ್ಯವಾಗಿಲ್ಲ.

ಇವನ್ನೂ ನೋಡಿ

• ಬಾಸೆಲ್ ಮಿಷನ್
• ದಕ್ಷಿಣ ಭಾರತ ಸಭೆ
• ಕರ್ನಾಟಕದಲ್ಲಿ ಕ್ರೈಸ್ತ ಧರ್ಮ