ಸೂಚೀಚಿಕಿತ್ಸೆಯ ಒಂದು ಐತಿಹ್ಯ: ಪರಿಶೋಧನೆ

ಅಮೆರಿಕದ ಪತ್ರಿಕಾಕರ್ತರಾದ ಜೇಮ್ಸ್ ರೆಸ್ಟನ್ನರಿಗೆ ಚೀನದಲ್ಲಿ ಅರಿವಳಿಕೆಯ ಮದ್ದಿಲ್ಲದೆ, ದೇಹದ ನಿಯತಸ್ಥಾನಗಳಲ್ಲಿ ಸೂಜಿಗಳನ್ನು ಚುಚ್ಚಿಯೇ ಶಸ್ತ್ರಚಿಕಿತ್ಸೆ ನಡೆಸಿದರೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿರುವುದು. ಇದು ಪ್ರಮಾಣಕ್ಕೆ ನಿಲ್ಲತಕ್ಕುದಲ್ಲ. 1971ನೆಯ ಜುಲೈ 26ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅವರೇ ಬರೆದ ಲೇಖನವು ಇದಕ್ಕೆ ಮುಖ್ಯ ಸಾಕ್ಷಿ. ಅದರಂತೆ, ಆ ತಿಂಗಳ 17ರಂದು ಪೀಕಿಂಗಿನ ವೈದ್ಯರು ರೂಢಿಯ ಅರಿವಳಿಕೆಯನ್ನು ಕೊಟ್ಟೇ ಅವರ ಅಪೆಂಡಿಕ್ಸನ್ನು ಛೇದಿಸಿ ತೆಗೆದರು. ಸೂಚೀಪ್ರಯೋಗವಾದುದು ಎರಡನೆಯ ರಾತ್ರಿ, ಹೊಟ್ಟೆಯುಬ್ಬರದ ಬಾಧೆಗಾಗಿ. ಬಲಮೊಣಕೈಯಲ್ಲಿಯೂ ಮೊಣಕಾಲುಗಳ ಕೆಳಗೂ ಸೂಜಿಗಳನ್ನು ಚುಚ್ಚಲು, ಒಂದು ಗಂಟೆಯೊಳಗೆ ಬಾಧೆಯು ಶಮನವಾಯಿತು.

ಪೂರ್ವೋತ್ತರಗಳ ಈ ಭೇದವು ಅಲ್ಪವಲ್ಲ. ಚೀನದಲ್ಲಿಯೂ ಕ್ರಮವು ಇದೇ ಆಗಿದ್ದಿತು. 1958ರಲ್ಲಿ ಶಾಂಘೈ ನಗರದಲ್ಲಿ ಟಾನ್ಸಿಲ್ ಛೇದನದ ಅನಂತರದ ನೋವನ್ನು ಸೂಜಿಯಿಂದ ಶಮನಗೊಳಿಸಿದ ಮೇಲೆಯೇ, ಛೇದನಕಾಲದಲ್ಲಿಯೂ ಅದನ್ನು ಪ್ರಯೋಗಿಸುವ ಯೋಚನೆಯು ಹುಟ್ಟಿತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಕೂಡಿಸಿದ ವಿದ್ವನ್ಮಂಡಲಿಯು, ದಂತಶಸ್ತ್ರಚಿಕಿತ್ಸೆಯ ಅನಂತರದ ವೇದನೆಯಲ್ಲಿ ಈ ವಿಧಾನವು ಆಶಾದಾಯಕವಾದ ಫಲವನ್ನು ತೋರಿದೆಯೆಂದು ನಿರ್ಣಯಿಸಿತು. ಆದುದರಿಂದ ಸೂಜಿಯನ್ನು ಅರಿವಳಿಕೆಗೆ ಪ್ರತಿನಿಧಿಯೆಂದೆಣಿಸದೆ, ಅನಂತರದ ವೇದನೆಯಲ್ಲಿ ಔಷಧಕ್ಕೆ ಸಹಾಯಕವೆಂದು ಗ್ರಹಿಸುವುದೇ ಯುಕ್ತವು. ಐತಿಹ್ಯವನ್ನು ನಂಬಿ ಮದ್ದನ್ನು ಬಿಟ್ಟರೆ, ನೋವನ್ನುಣ್ಣುವವನು ರೋಗಿಯೇ.