ಕೆಲಸ ಕಳೆದುಕೊಂಡ ಕದಗಳು

ಬೆಂಗಳೂರು ದಂಡಿನ ಹಳೇ ಬಂಗಲೆಗಳಲ್ಲಿ ಕಿಟಕಿಯ ಹೊರಗೆ ಹಸಿರು ಬಳಿದ ಮರದ ಕದಗಳಿರುತ್ತವೆ. ಒಂದರ ಕೆಳಗೊಂದು ಅಡ್ಡ ಪಟ್ಟಿ, ಪಟ್ಟಿಗಳನ್ನೆಲ್ಲ ಆಡಿಸುವುದಕ್ಕೆ ನಡುವೆ ಉದ್ದನೆಯ ಕೋಲು. ಅವುಗಳ ರಿಪೇರಿಯೇ ನನ್ನ ಕಸುಬು. ಹೋದ ಕಡೆಯೆಲ್ಲ ಮೊದಲ ಪ್ರಶ್ನೆ ಇದೇ: "ಆಚಾರ್ರೇ, ಇವನ್ನ ಕಿತ್ತು ಯುಪಿವಿಸಿ ಹಾಕಿಸಿಬಿಡೋಣ್ವಾ?" ಮಳೆ ಬಿಸಿಲಿಗೆ ಮರ ಹೋಯಿತು ಅನ್ನುವುದು ಅವರ ಲೆಕ್ಕ. ನಾನು ಒಪ್ಪುವುದಿಲ್ಲ. ಮರಕ್ಕಿಂತ ಮೊದಲು ಹೋದದ್ದು ಅದರ ಕೆಲಸ.

1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದಾಗ ಕರೆಂಟೆಲ್ಲಿತ್ತು, ಫ್ಯಾನೆಲ್ಲಿತ್ತು? ಬಿಸಿಲು ತಡೆಯಬೇಕು, ಗಾಳಿ ಬರಬೇಕು, ಇರಚಲು ಬರಬಾರದು, ಒಳಗಿದ್ದವರು ದಾರಿಹೋಕರ ಕಣ್ಣಿಗೆ ಬೀಳಬಾರದು. ಕಿಟಕಿಯ ಮೇಲಿನ ಚೂಪುತಲೆಯ ಮಂಕಿ ಟಾಪ್ ಒಂದಿಷ್ಟು ನೆರಳು ಕೊಟ್ಟರೆ ಮಿಕ್ಕಿದ್ದನ್ನೆಲ್ಲ ಕದ ನೋಡಿಕೊಳ್ಳುತ್ತಿತ್ತು. 1898ರ ಪ್ಲೇಗಿನ ಮೇಲಂತೂ ಊರಿಗೆಲ್ಲ ಗಾಳಿ ಬೆಳಕಿನ ಚಿಂತೆ. ಮಲ್ಲೇಶ್ವರ, ಬಸವನಗುಡಿಗಳಿಗೆ ಜನ ಹೋದದ್ದು ಆ ಗಾಬರಿಯಲ್ಲೇ. 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂತು. ಕ್ರಮೇಣ ಫ್ಯಾನು, ಕಳ್ಳರಿಗೆಂದು ಗ್ರಿಲ್ಲು, ಸೊಳ್ಳೆಗೆಂದು ಜಾಲರಿ. ಜಾಲರಿ ಬಡಿದ ಕಿಟಕಿಯಲ್ಲಿ ಹೊರಗಿನ ಕದಕ್ಕೆ ಕೈಯೇ ಎಟಕುವುದಿಲ್ಲ. ಮುಚ್ಚುವುದೂ ತೆಗೆಯುವುದೂ ನಿಂತಮೇಲೆ, ಪದರದ ಮೇಲೆ ಪದರ ಬಳಿದ ಎನಾಮಲ್ ಪೇಂಟು ಪಟ್ಟಿಗಳನ್ನು ಅಂಟಿಸಿ ಕೂರಿಸಿತು.

ಕದ ಕಟ್ಟಿದವರ ಬುದ್ಧಿ ನೋಡಬೇಕು. ಪ್ರತಿ ಪಟ್ಟಿಯ ಎರಡು ತುದಿಗೂ ಉರುಟಾಗಿ ಕೆತ್ತಿದ ಮೂತಿ. ಅದು ಚೌಕಟ್ಟಿನ ತೂತಿನಲ್ಲಿ ಕೂತು ತಿರುಗುತ್ತದೆ. ಪಟ್ಟಿಗೂ ಕೋಲಿಗೂ ಸಣ್ಣ ತಂತಿಯ ಕೊಂಡಿ. ಚೌಕಟ್ಟಿನ ಮೂಲೆಗಳಿಗೆ ಹಾಕಿದ್ದು ಮೊಳೆಯಲ್ಲ, ಮರದ ಗೂಟ. ಗೂಟ ಹೊಡೆದು ತೆಗೆದರೆ ಇಡೀ ಕದ ಬಿಡಿಬಿಡಿಯಾಗುತ್ತದೆ. ಮುಂದೆ ಇನ್ನೊಬ್ಬ ಬಿಚ್ಚಿ ರಿಪೇರಿ ಮಾಡಲಿ ಅಂತಲೇ ಮಾಡಿದ್ದು.

ಬೂದು ತಿರುಗಿದ ತೇಗ ಕಂಡು ಹೆದರಬೇಕಾಗಿಲ್ಲ. ಬಿಸಿಲು ತಿಂದಿರುವುದು ಮೇಲ್ಪದರ ಮಾತ್ರ. ಕೀಸುಳಿ ಆಡಿಸಿದರೆ ಅಡಿಯಲ್ಲಿ ಗಟ್ಟಿ ಮರವೇ ಇರುತ್ತದೆ. ನಾನು ಮೊದಲು ಬಗ್ಗಿ ನೋಡುವುದು ಚೌಕಟ್ಟಿನ ಕೆಳಗಿನ ಅಡ್ಡಮರವನ್ನು. ಮೇಲಿಂದ ಇಳಿದ ನೀರೆಲ್ಲ ಅದರ ಮೂಲೆಯಲ್ಲಿ ನಿಲ್ಲುತ್ತದೆ. ದಬ್ಬಳ ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಅಷ್ಟು ಭಾಗ ಕೊಳೆತಿದೆ ಎಂದರ್ಥ. ಅಷ್ಟನ್ನೇ ಉದ್ದ ಓರೆಯಾಗಿ ಕೊಯ್ದು ಹೊಸ ತುಂಡು ಕೂಡಿಸಬೇಕು. ನೇರ ಕೊಯ್ದರೆ ಅಂಟಿಗೆ ಹಿಡಿತ ಸಿಗುವುದಿಲ್ಲ.

ಹಳೇ ಪೇಂಟಿನಲ್ಲಿ ಸೀಸ ಇರುವುದುಂಟು. ಅದಕ್ಕೆ ಬ್ಲೋ ಲ್ಯಾಂಪ್ ಹಿಡಿಯುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಆ ಹೊಗೆ ಕುಡಿಯುವವರು ಹುಡುಗರು. ಒದ್ದೆ ಮಾಡಿ ಕೆರೆಯಬೇಕು, ಉದುರಿದ್ದನ್ನು ಚೀಲದಲ್ಲಿ ಕಟ್ಟಿಡಬೇಕು. ಸಂದಿಗೆ ಚಾಕ್ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಲಪ್ಪ ಸಾಕು. ತಿರುಗುವ ಮೂತಿಗೆ ಮಾತ್ರ ಪೇಂಟು ತಾಗಿಸಬಾರದು.

ತುಂಡು ಹಾಕುವುದಕ್ಕೆ ಹೊಸ ತೇಗ ನನಗಾಗುವುದಿಲ್ಲ. ಬೇಗ ಬೆಳೆಸಿ ಕಡಿದ ಮರದಲ್ಲಿ ಬಿಳಿಭಾಗ ಜಾಸ್ತಿ, ತಿರುಳು ಕಡಿಮೆ. ಹಳೇ ಮರದ ಅಂಗಡಿಗೆ ಹೋಗಿ, ಕೆಡವಿದ ಬಂಗಲೆಗಳ ದಾರಂದ, ತೊಲೆ ಆರಿಸಿ ತರುತ್ತೇನೆ. ಅಂಗಡಿಯಲ್ಲಿ ಮಾಲಿಗೇನೂ ಬರವಿಲ್ಲ. ರಿಪೇರಿಗೆ ಕರೆಯುವವರೇ ಕಡಿಮೆ.