ಕಲ್ಲಿನಲ್ಲಿ ಅಡಗಿದ ಮಳೆ

ಬತ್ತವನ್ನು ಕಾದ ಮರಳಿಗೆ ಹಾಕಿ ಅರಳು ಹುರಿಯುವುದನ್ನು ನಮ್ಮಲ್ಲಿ ಅನೇಕರು ನೋಡಿರುತ್ತಾರೆ. ಕಾಳಿನೊಳಗಿನ ತೇವ ಹಬೆಯಾಗಿ ಹೊರಬರಲು ಹವಣಿಸುತ್ತದೆ; ಸಿಪ್ಪೆ ಬಿರಿಯುತ್ತದೆ; ಪುಟ್ಟ ಕಾಳು ಬೆಳ್ಳನೆಯ ಹೂವಾಗುತ್ತದೆ. ಕಲ್ಲನ್ನೂ ಹೀಗೆ ಅರಳಿಸಬಹುದೆಂದರೆ ಯಾರಾದರೂ ನಂಬಿಯಾರೇ? ಅಂಥ ಕಲ್ಲೊಂದು ಉಂಟು. ಅದರ ಹೆಸರು ಪರ್ಲೈಟ್. ಹೂಗಿಡ ಮಾರುವ ಅಂಗಡಿಗಳಲ್ಲಿ, ಕುಂಡದ ಮಣ್ಣಿಗೆ ಬೆರೆಸಲೆಂದು ಚೀಲದಲ್ಲಿ ತುಂಬಿ ಕೊಡುವ ಬಿಳಿಯ ಹಗುರ ಕಾಳುಗಳು ಅವೇ.

ಪರ್ಲೈಟ್ ಜ್ವಾಲಾಮುಖಿಯ ಸಂತಾನ. ಸಿಲಿಕ ಹೇರಳವಾಗಿರುವ ಲಾವಾರಸ, ಹರಳುಗಟ್ಟುವ ವ್ಯವಧಾನವೂ ಇಲ್ಲದಷ್ಟು ಬೇಗ ತಣಿದರೆ ಕಪ್ಪು ಗಾಜಾಗುತ್ತದೆ. ಅದು ಅಬ್ಸಿಡಿಯನ್. ಆ ಗಾಜು ಕಾಲಾಂತರದಲ್ಲಿ ನೀರನ್ನು ಹೀರಿ, ಈರುಳ್ಳಿಯ ಪದರಗಳಂತೆ ಸುತ್ತುಸುತ್ತಾಗಿ ಬಿರುಕುಬಿಟ್ಟು, ಬೂದುಬಣ್ಣಕ್ಕೆ ತಿರುಗಿ, ಮುತ್ತಿನ ಹೊಳಪನ್ನು ಪಡೆದಾಗ ಪರ್ಲೈಟ್ ಎನಿಸಿಕೊಳ್ಳುತ್ತದೆ. ಹೆಸರಿನ ಮೂಲವೂ ಮುತ್ತೇ. ಅದರ ತೂಕದಲ್ಲಿ ಶೇಕಡಾ 2ರಿಂದ 5ರಷ್ಟು ನೀರಿರುತ್ತದೆ.

ಈ ನೀರು ಭೂಮಿಯ ಗರ್ಭದ್ದೋ, ಹೊರಗಿನಿಂದ ಬಂದದ್ದೋ? 1958ರಲ್ಲಿ ಅಮೆರಿಕದ ಭೂವಿಜ್ಞಾನಿಗಳಾದ ಇರ್ವಿಂಗ್ ಫ್ರೀಡ್‌ಮನ್ ಮತ್ತು ರಾಬರ್ಟ್ ಸ್ಮಿತ್ ಆ ನೀರಿನಲ್ಲಿರುವ ಭಾರಜಲಜನಕವನ್ನು ಅಳೆದು, ಅದು ಮಳೆಯಿಂದ ನೆಲಕ್ಕಿಳಿದ ನೀರೆಂದು ತೋರಿಸಿದರು. 1960ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಅಬ್ಸಿಡಿಯನ್ ಆಯುಧದ ಮೈಯೊಳಕ್ಕೆ ನೀರು ಎಷ್ಟು ಆಳ ಇಳಿದಿದೆಯೆಂದು ನೋಡಿ, ಅದನ್ನು ಕೆತ್ತಿದ ಕಾಲವನ್ನು ಲೆಕ್ಕಹಾಕಬಹುದೆಂದರು. ಬೆಂಕಿ ಹೆತ್ತ ಕಲ್ಲಿಗೆ ಮಳೆಯೇ ಜಾತಕ ಬರೆದಂತಾಯಿತು.

ಆದರೆ ಈ ಕಲ್ಲು ಅರಳೀತೆಂಬುದನ್ನು ಕಂಡದ್ದು ಇದಕ್ಕೂ ಮೊದಲು. ಅರಿಜೋನಾ ಪ್ರಾಂತದ ಸುಪೀರಿಯರ್ ಎಂಬ ತಾಮ್ರದ ಗಣಿಯೂರಿನಲ್ಲಿ. 1930ರ ದಶಕದ ಕೊನೆಯ ಹೊತ್ತಿಗೆ, ಅದಿರು ಪರೀಕ್ಷಿಸುತ್ತಿದ್ದ ಲೀ ಬಾಯರ್ ಎಂಬಾತ ಪರ್ಲೈಟನ್ನು ಕುಲುಮೆಯಲ್ಲಿ ಕಾಯಿಸಿದಾಗ ಅದು ಉಬ್ಬಿ ಬೆಳ್ಳಗಾಯಿತು. ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಜು ಮೆದುವಾಗುತ್ತದೆ, ಒಳಗಿನ ನೀರು ಹಬೆಯಾಗುತ್ತದೆ. ಕಲ್ಲು ತನ್ನ ಗಾತ್ರದ 4ರಿಂದ 20 ಪಟ್ಟು ಹಿಗ್ಗಿ, ಅಸಂಖ್ಯ ಗುಳ್ಳೆಗಳ ಗೂಡಾಗುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಇದೊಂದು ಉದ್ಯಮವೇ ಆಯಿತು. ಗೋಡೆಯ ಗಾರೆಯಲ್ಲಿ ಬೆರೆತು ಭಾರವನ್ನು ತಗ್ಗಿಸಿತು. ಹಣ್ಣಿನ ರಸವನ್ನೂ ಸಕ್ಕರೆ ಪಾಕವನ್ನೂ ಸೋಸಿತು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದ ತೊಟ್ಟಿಗಳಿಗೆ ಹೊದಿಕೆಯಾಗಿ ಹೊರಗಿನ ಶಾಖವನ್ನು ತಡೆಯಿತು.

ತೋಟಗಾರರಿಗೆ ಅದರ ಗುಣ ಬೇರೆ. ಅರಳಿದ ಕಾಳು ಮೈಮೇಲಿನ ಕುಳಿಗಳಲ್ಲಿ ನೀರನ್ನು ಹಿಡಿದಿಟ್ಟರೂ ಕಾಳುಗಳ ನಡುವೆ ಗಾಳಿಗೆ ದಾರಿ ಬಿಡುತ್ತದೆ; ಬೇರು ಕೊಳೆಯುವುದಿಲ್ಲ. ಬೆಂಕಿಯಿಂದ ಬಂದದ್ದರಿಂದ ಕಳೆಯ ಬೀಜ, ರೋಗಾಣುಗಳಿಲ್ಲ. 1960ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಬೂಡ್ಲಿ ಮತ್ತು ಶೆಲ್ಡ್ರೇಕ್ ಮಣ್ಣಿಲ್ಲದ ಮಿಶ್ರಣಗಳನ್ನು ರೂಪಿಸಿದಾಗ ಪೀಟಿನ ಜೊತೆಗೆ ಪರ್ಲೈಟಿಗೂ ಸ್ಥಾನ ದೊರೆಯಿತು. ಆದರೆ ಅದರಲ್ಲಿ ಸತ್ವವೇನೂ ಇಲ್ಲ. ಗೊಬ್ಬರವನ್ನು ನಾವೇ ಕೊಡಬೇಕು. ಧೂಳು ಶ್ವಾಸಕ್ಕೆ ಹಿತವಲ್ಲವಾದ್ದರಿಂದ ನೀರು ಚಿಮುಕಿಸಿ ಬಳಸುವುದು ಲೇಸು.

ಸುಪೀರಿಯರಿನ ಪರ್ಲೈಟ್ ಗುಡ್ಡದಲ್ಲಿ ಇನ್ನೊಂದು ವಿಶೇಷವುಂಟು. ಬೂದು ಕಲ್ಲಿನ ನಡುವೆ ಗೋಲಿಯಷ್ಟು ದೊಡ್ಡ ಕಪ್ಪು ಗುಂಡುಗಳು ಸಿಕ್ಕುತ್ತವೆ. ಬೆಳಕಿಗೆ ಹಿಡಿದರೆ ಹೊಗೆಯಂತೆ ತಿಳಿಯಾಗುತ್ತವೆ. ಮಳೆಯ ನೀರು ತಲುಪದೆ ಉಳಿದ ಅಬ್ಸಿಡಿಯನ್ನಿನ ತಿರುಳು ಅವು. ಜನ ಅವನ್ನು ‘ಅಪಾಚೆಯ ಕಣ್ಣೀರು’ ಎನ್ನುತ್ತಾರೆ. 1870ರ ದಶಕದಲ್ಲಿ ಅಮೆರಿಕದ ಸೈನ್ಯ ಬೆನ್ನಟ್ಟಿದಾಗ ಅಪಾಚೆ ಯೋಧರು ಸೆರೆಯಾಗಲೊಲ್ಲದೆ ಊರಿನ ಮೇಲಣ ಬಂಡೆಯಿಂದ ಧುಮುಕಿದರೆಂದೂ, ಅವರ ಹೆಂಗಸರ ಕಣ್ಣೀರು ಕಲ್ಲಾಯಿತೆಂದೂ ಐತಿಹ್ಯ. ಆ ಬಂಡೆಗೆ ‘ಅಪಾಚೆ ಲೀಪ್’ ಎಂದೇ ಹೆಸರು.

ಬಂಡೆಯ ಹಿಂದಿರುವ ಓಕ್ ಫ್ಲಾಟ್ ಎಂಬ ಬಯಲು ಅಪಾಚೆಗಳಿಗೆ ಪುಣ್ಯಭೂಮಿ. ಅದರ ಕೆಳಗೆ ಅಪಾರ ತಾಮ್ರವಿದೆ. 2014ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಶಾಸನವೊಂದು ಬಂಡೆಗೆ ರಕ್ಷಣೆ ಕೊಟ್ಟಿತು. ಬಯಲನ್ನು ಗಣಿ ಕಂಪನಿಗೆ ವಿನಿಮಯವಾಗಿ ಕೊಡಲು ಒಪ್ಪಿತು. ಗಣಿ ನಡೆದರೆ ಅಲ್ಲಿ ನೆಲ ಕುಸಿದು, ಸುಮಾರು 3 ಕಿಲೋಮೀಟರ್ ಅಗಲದ ಕುಳಿಯಾದೀತೆಂದು ಅಂದಾಜು. ಅದನ್ನು ತಡೆಯಬೇಕೆಂದು ಹೋರಾಡಿದ ಅಪಾಚೆಗಳ ಮನವಿಯನ್ನು ವಿಚಾರಣೆಗೆತ್ತಿಕೊಳ್ಳಲು ಅಲ್ಲಿನ ಸುಪ್ರೀಂ ಕೋರ್ಟು 2025ರ ಮೇ ತಿಂಗಳಿನಲ್ಲಿ ನಿರಾಕರಿಸಿತು.

ಕಣ್ಣೀರು ಕಲ್ಲಾಗುವುದಿಲ್ಲವೆಂದು ವಿಜ್ಞಾನ ಹೇಳುತ್ತದೆ, ಅದು ಸತ್ಯ. ಆದರೆ ಆ ಕಪ್ಪು ಗುಂಡಿಗೆ ಆ ಹೆಸರು ಏಕೆ ಬಂತೆಂಬುದನ್ನು ತಿಳಿಯಲು ಕುಲುಮೆಯಾಗಲಿ ತಕ್ಕಡಿಯಾಗಲಿ ಸಾಲದು. ಆ ಕೆಲಸ ಚರಿತ್ರೆಯದು. ಕುಂಡಕ್ಕೆ ಒಂದು ಹಿಡಿ ಬಿಳಿಯ ಕಾಳು ಸುರಿಯುವಾಗ, ಅದೇ ಬಗೆಯ ಕಲ್ಲಿನ ಗುಡ್ಡದ ಕೆಳಗೆ ಕುಳಿತು ತಮ್ಮ ನೆಲಕ್ಕಾಗಿ ನ್ಯಾಯ ಕೇಳಿದವರೂ ಇದ್ದಾರೆಂಬುದು ನಮ್ಮ ನೆನಪಿನಲ್ಲಿರಲಿ.